ಟೀ ಅಂಗಡಿಯ ಮೆಂಬರು, ವಾರ್ಡ್ ಸಭೆಯ ಸದಸ್ಯ

ಶಾಸಕರನ್ನು ಕಾಣಬೇಕಾದರೆ ಅವರ ಆಪ್ತ ಸಹಾಯಕರಿಗೆ ಫೋನು ಮಾಡಬೇಕು. ಸಂಸದರಾದರೆ ದೆಹಲಿಯಿಂದ ಬರುವ ದಿನ ಕಾಯಬೇಕು. ಗ್ರಾಮ ಪಂಚಾಯಿತಿ ಸದಸ್ಯರನ್ನು ಕಾಣಲು ಬೆಳಿಗ್ಗೆ ಹಾಲಿನ ಡೇರಿಗೆ ಹೋದರೆ ಸಾಕು; ಕ್ಯಾನು ಹಿಡಿದು ಅವರೂ ಸಾಲಿನಲ್ಲಿ ನಿಂತಿರುತ್ತಾರೆ. ಅಲ್ಲಿ ತಪ್ಪಿದರೆ ಟೀ ಅಂಗಡಿ, ಅಲ್ಲೂ ತಪ್ಪಿದರೆ ಯಾರದೋ ಮನೆಯ ಬೀಗರೂಟ, ತಿಥಿ, ಸಂತೆ, ಬಸ್ ಸ್ಟ್ಯಾಂಡು. ಕರ್ನಾಟಕದ ಕಾನೂನು ಸುಮಾರು 400 ಜನರಿಗೆ ಒಬ್ಬ ಸದಸ್ಯರೆಂದು ಗೊತ್ತು ಮಾಡಿದೆ. ನಾಲ್ಕು ನೂರು ಜನ ಎಂದರೆ ಹೆಚ್ಚೆಂದರೆ ನೂರು ಮನೆ. ಯಾರ ಮನೆಯಲ್ಲಿ ಎಮ್ಮೆ ಕರು ಹಾಕಿತು, ಯಾರ ಮಗ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದ ಎಂದು ತಿಳಿದಿರುವಷ್ಟು ಹತ್ತಿರ. 2011ರ ಜನಗಣತಿಯ 6.11 ಕೋಟಿ ಜನರನ್ನು 224 ಶಾಸಕರಿಗೆ ಹಂಚಿದರೆ ಒಬ್ಬೊಬ್ಬರ ಪಾಲಿಗೆ ಎರಡೂಮುಕ್ಕಾಲು ಲಕ್ಷ ಬರುತ್ತದೆ. ಅಷ್ಟು ಜನರ ಮುಖ ಯಾರಿಗೂ ನೆನಪಿರಲಾರದು.

ಸದಸ್ಯರು ಇಷ್ಟು ಹತ್ತಿರ ಇರುವುದು ನಮ್ಮ ಪ್ರಜಾಪ್ರಭುತ್ವದ ದೊಡ್ಡ ಆಸ್ತಿ. ಅದನ್ನು ನಾವು ಪೋಲು ಮಾಡುತ್ತಿದ್ದೇವೆ ಎಂಬುದು ನನ್ನ ಅಳಲು. ದಾರಿಯಲ್ಲಿ ಸಿಕ್ಕ ಸದಸ್ಯರ ಹತ್ತಿರ ನಾವು ಕೇಳುವುದು ಬಹುಪಾಲು ನಮ್ಮ ಮನೆಗೆ ಆಗಬೇಕಾದ ಕೆಲಸ. ಊರಿಗೆ ಏನು ಮಾಡಿದಿರಿ ಎಂದು ಅದೇ ಸದಸ್ಯರನ್ನು ಕೇಳಲು ಕಾನೂನು ಒಂದು ಜಾಗ ಮಾಡಿಕೊಟ್ಟಿದೆ, ವಾರ್ಡ್ ಸಭೆ ಎಂದು ಅದರ ಹೆಸರು. ಅಲ್ಲಿಗೆ ನಾವು ಹೋಗುವುದಿಲ್ಲ.

ಮಂಡ್ಯ ಕಡೆಯ ಯಾವುದೇ ಊರಿನ ಟೀ ಅಂಗಡಿಯಲ್ಲಿ ಬೆಳಿಗ್ಗೆ ಏಳರ ಹೊತ್ತಿಗೆ ಹೋಗಿ ಕೂತುಕೊಳ್ಳಿ. ಮೆಂಬರು ಬೈಕು ನಿಲ್ಲಿಸಿ ಒಳಗೆ ಬರುವಷ್ಟರಲ್ಲಿ ಬೆಂಚಿನ ಮೇಲೆ ಜಾಗ ಆಗುತ್ತದೆ. ಮೊನ್ನೆಯವರೆಗೆ ‘ಲೋ’ ಎನ್ನುತ್ತಿದ್ದ ಗೆಳೆಯ ನಾಲ್ಕು ಜನರ ಎದುರು ‘ಮೆಂಬ್ರೇ’ ಎನ್ನುತ್ತಾನೆ. ಹಿರಿಯರು ಮಾತ್ರ ತಮ್ಮ ‘ಏನಪ್ಪಾ’ ಬಿಡುವುದಿಲ್ಲ.

“ಮೆಂಬ್ರೇ, ನಮ್ ಬೀದಿ ಲೈಟೋಗಿ ವಾರ ಆಯ್ತು.”

“ಹೇಳಿವ್ನಿ ಕಣಣ್ಣ. ಬಲ್ಬು ಬಂದಿಲ್ಲ ಅಂತಾವ್ರೆ.”

“ಅಣ್ಣಾ, ನಮ್ಮವ್ವನ ಪಿಂಚಣಿ ನಿಂತೋಗದೆ. ತಾಲ್ಲೂಕಾಫೀಸಲ್ಲಿ ಒಂದ್ ಮಾತೇಳಿ.”

“ಆಧಾರ್ ಲಿಂಕಾಗಿರಕ್ಕಿಲ್ಲ. ಸೋಮವಾರ ಪಾಸ್‌ಬುಕ್ ತಕೊಂಡ್ ಬಾ, ನಾನೂ ಬತ್ತೀನಿ.”

“ಏನಪ್ಪಾ, ಈ ಸಲನಾದ್ರೂ ನಮ್ಮನೆ ಲಿಸ್ಟಿಗೆ ಬತ್ತದಾ?”

“ನೋಡಾಣ ತಾತ, ಇದೊಂದ್ ಸಲ ನೋಡಾಣ.”

ಟೀ ಲೋಟ ಖಾಲಿಯಾಗುವಷ್ಟರಲ್ಲಿ ಮೂರು ಅಹವಾಲು ಮುಗಿದವು. ಮೂರಕ್ಕೂ ಬಾಗಿಲು ಬೇರೆ ಬೇರೆ. ಬೀದಿದೀಪ ಪಂಚಾಯಿತಿಯದು, ಯಾವ ಕಂಬಕ್ಕೆ ದೀಪ, ಯಾವುದು ಮೊದಲು ಎಂಬುದು ಪಂಚಾಯಿತಿ ಸಭೆಯಲ್ಲಿ, ಕ್ರಿಯಾ ಯೋಜನೆಯಲ್ಲಿ ತೀರ್ಮಾನವಾಗಬೇಕು. ಪಿಂಚಣಿ ಕಂದಾಯ ಇಲಾಖೆಯದು, ತಹಶೀಲ್ದಾರರ ಕಚೇರಿಯದು. ಅಲ್ಲಿ ಪಂಚಾಯಿತಿ ಸದಸ್ಯರಿಗೆ ಕಾನೂನಿನ ಅಧಿಕಾರ ಏನೂ ಇಲ್ಲ, ಇರುವುದು ಪರಿಚಯ ಮಾತ್ರ. ಮನೆಯ ಪಟ್ಟಿ ಆಗಬೇಕಾದದ್ದು ಗ್ರಾಮಸಭೆಯಲ್ಲಿ, ಎಲ್ಲರ ಎದುರು ಹೆಸರು ಓದಿ. ಒಬ್ಬ ಸದಸ್ಯರು ತಾವೊಬ್ಬರೇ ಮಾಡಿಕೊಡಬಹುದಾದ ಕೆಲಸ ಈ ಮೂರರಲ್ಲಿ ಒಂದೂ ಇಲ್ಲ. ಆದರೂ ಕೇಳುವವರು ‘ನೀವು ಮನಸ್ಸು ಮಾಡಿದರೆ ಆಗುತ್ತದೆ’ ಎಂದುಕೊಂಡಿರುತ್ತಾರೆ. ಸದಸ್ಯರೂ ‘ಇದು ನನ್ನ ಕೈಯಲ್ಲಿಲ್ಲ’ ಎನ್ನುವುದಿಲ್ಲ. ಹಾಗೆಂದರೆ ಮುಂದಿನ ಸಲ ಯಾರು ಓಟು ಹಾಕುತ್ತಾರೆ ಎಂಬ ಭಯ.

ಓದಿದ ಜನಕ್ಕೆ ಇದೆಲ್ಲ ಹಗುರವಾಗಿ ಕಾಣುತ್ತದೆ. ರಾಜಕಾರಣಿಯ ಹಿಂದೆ ಅಲೆಯುವುದು, ಶಿಫಾರಸು ಕೇಳುವುದು ತಿಳಿಗೇಡಿಗಳ ಕೆಲಸವೆಂದು ಅವರು ಭಾವಿಸುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ನಗರದ ಮಧ್ಯಮ ವರ್ಗದವರಿಗೆ ಕಚೇರಿಯ ಒಳಗೆ ಒಬ್ಬ ಸೋದರಮಾವ ಇರುತ್ತಾನೆ, ಜೊತೆಯಲ್ಲಿ ಓದಿದ ಗೆಳತಿ ಇರುತ್ತಾಳೆ, ಇಲ್ಲವೇ ಏಜೆಂಟನಿಗೆ ಕೊಡಲು ಹಣ ಇರುತ್ತದೆ. ಮೂರೂ ಇಲ್ಲದವರಿಗೆ ಇರುವುದು ಮೆಂಬರು. ಕೌಂಟರಿನ ಹಿಂದೆ ಕೂತವರು ತಲೆ ಎತ್ತಿ ನೋಡದೆ ‘ಸರ್ವರ್ ಇಲ್ಲ, ನಾಳೆ ಬಾ’ ಎಂದಾಗ, ಜೊತೆಯಲ್ಲಿ ಬಂದು ‘ಸಾರ್, ಈ ಅಮ್ಮ ಮೂರನೇ ಸಲ ಬರ್ತಾ ಇರೋದು’ ಎಂದು ಹೇಳುವ ಒಬ್ಬರು ಬೇಕು. ಆ ಕೆಲಸವನ್ನು ನಮ್ಮ ಸಾವಿರಾರು ಸದಸ್ಯರು ದಿನವೂ ಮಾಡುತ್ತಿದ್ದಾರೆ. ಅದಕ್ಕಾಗಿ ಅವರನ್ನು ಗೌರವಿಸಬೇಕು.

ಇನ್ನೊಂದು ಮಾತು. ದಿನಬೆಳಗಾದರೆ ಮುಖ ನೋಡಬೇಕಾದವರಿಗೆ ಜನರಿಂದ ತಪ್ಪಿಸಿಕೊಳ್ಳಲು ಜಾಗ ಇರುವುದಿಲ್ಲ. ಬೋರ್‌ವೆಲ್ಲಿನ ಮೋಟರು ಸುಟ್ಟರೆ ಸದಸ್ಯರ ಮನೆಯ ನಲ್ಲಿಯೂ ಒಣಗುತ್ತದೆ; ಬೀದಿಯ ಹೆಂಗಸರಿಗಿಂತ ಮೊದಲು ಮನೆಯವರೇ ಕೇಳುತ್ತಾರೆ. ಅಧಿಕಾರ ಇಷ್ಟು ಕೆಳಗೆ ಇಳಿಯಬೇಕು ಎಂದು ನಂಬಿದವರಲ್ಲಿ ಅಬ್ದುಲ್ ನಜೀರ್ ಸಾಬ್ ದೊಡ್ಡವರು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅವರನ್ನು ಹಳ್ಳಿಗಳಲ್ಲಿ ಕೊರೆಸಿದ ಬೋರ್‌ವೆಲ್‌ಗಳಿಂದಾಗಿ ಜನ ‘ನೀರ್ ಸಾಬ್’ ಎಂದೇ ಕರೆದರು. 1983ರ ಕಾಯ್ದೆಯ ಮೇಲೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿ ಬಂದದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ನಮ್ಮ ರಾಜ್ಯ ದೇಶಕ್ಕಿಂತ ಮುಂದೆ ನಡೆದ ಕಾಲ ಅದು, ನೆನಪಿಟ್ಟುಕೊಳ್ಳಬೇಕಾದ ಕಾಲ.

ಸದಸ್ಯರು ದಾರಿಯಲ್ಲಿ ಸಿಗುವುದು ಒಳ್ಳೆಯದು ಎಂದಮೇಲೆ ತಪ್ಪೆಲ್ಲಿ? ದಾರಿಯಲ್ಲಿ ಆದ ಮಾತು ದಾರಿಯಲ್ಲೇ ಉಳಿಯುವುದರಲ್ಲಿ. ಟೀ ಅಂಗಡಿಯಲ್ಲಿ ಆಡಿದ್ದಕ್ಕೆ ನಡಾವಳಿ ಇಲ್ಲ. ಯಾರು ಯಾವಾಗ ಏನು ಕೇಳಿದರು, ಸದಸ್ಯರು ಏನು ಒಪ್ಪಿಕೊಂಡರು, ಯಾರ ಬೀದಿಯ ದೀಪ ಯಾರ ಬೀದಿಗಿಂತ ಮೊದಲು ಹತ್ತಿತು ಎಂಬುದಕ್ಕೆ ಎಲ್ಲೂ ಒಂದು ಗೆರೆ ಬರಹ ಇಲ್ಲ. ದಿನವೂ ಅಂಗಡಿಗೆ ಬಂದು ಕೂರುವವರ ಬೀದಿ ಬೆಳಗುತ್ತದೆ. ಬಾರದವರ ಬೀದಿ ಇದೆ ಎಂಬುದೇ ಮಾತಿಗೆ ಬರುವುದಿಲ್ಲ.

ಪಿಂಚಣಿಯ ಮಾತನ್ನೇ ತೆಗೆದುಕೊಳ್ಳಿ. ಆ ತಾಯಿಗೆ ಅದು ಸಲ್ಲಬೇಕಾದ ಹಣ. ಸರ್ಕಾರಿ ಸೇವೆಗೆ ಗಡುವು ಇರಬೇಕೆಂದೇ ಕರ್ನಾಟಕ 2011ರಲ್ಲಿ ಸಕಾಲ ಕಾಯ್ದೆ ಮಾಡಿತು. ಅದರಡಿ ಬರುವ ಸೇವೆಗೆ ಅರ್ಜಿ ಹಾಕಿದವರಿಗೆ ಸ್ವೀಕೃತಿ ಕೊಡಬೇಕು, ಗೊತ್ತುಪಡಿಸಿದ ದಿನದೊಳಗೆ ಕೆಲಸ ಆಗಬೇಕು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಸ್ವೀಕೃತಿ ಚೀಟಿ ಕೇಳಿ ಪಡೆಯುವವರು ಎಷ್ಟು ಜನ? ಪರಿಹಾರ ಕೇಳುವವರಂತೂ ಕಾಣಸಿಗುವುದೇ ಕಷ್ಟ. ಚೀಟಿಯ ಬದಲು ಮೆಂಬರ ಮಾತು ನಡೆಯುತ್ತದೆ. ಕೆಲಸವಾದಾಗ ಮಗ ‘ಅಣ್ಣ ಮಾಡಿಸಿಕೊಟ್ಟ’ ಎನ್ನುತ್ತಾನೆ, ಆ ಹಂಗು ಓಟಿನವರೆಗೂ ನಡೆದು ಬರುತ್ತದೆ. ಕೆಲಸವಾಗದಿದ್ದಾಗ ‘ಅಣ್ಣ ಮನಸ್ಸು ಮಾಡಲಿಲ್ಲ’ ಎನ್ನುತ್ತಾನೆ. ಎರಡು ಸಲವೂ ಜವಾಬ್ದಾರಿ ಇದ್ದ ಕಚೇರಿಯನ್ನು ಯಾರೂ ಕೇಳಲಿಲ್ಲ. ತಿಂಗಳುಗಟ್ಟಲೆ ಪಿಂಚಣಿ ನಿಂತುಹೋಗುವ ಇನ್ನೂ ಹತ್ತು ಮುದುಕಿಯರು ಆ ಊರಿನಲ್ಲಿ ಇರಬಹುದು. ಈ ಒಬ್ಬರ ಕೆಲಸ ಆದದ್ದರಿಂದ ಅವರಿಗೆ ಏನೂ ಆಗಲಿಲ್ಲ.

ಟೀ ಅಂಗಡಿಯಲ್ಲಿ ಯಾರು ಕೂರುತ್ತಾರೆ ಎಂಬುದನ್ನೂ ನೋಡಬೇಕು. ಹಳ್ಳಿಯ ಟೀ ಅಂಗಡಿ ಗಂಡಸರ ಜಾಗ. ನೀರು ಹೊರುವವರು ಹೆಂಗಸರು. ನೀರಿನ ವಿಷಯ ಮೆಂಬರಿಗೆ ಹೇಳುವವರು ಗಂಡಸರು. ಬೆಳಗಿನ ಆರಕ್ಕೆ ಗಾರ್ಮೆಂಟ್ಸ್ ವ್ಯಾನು ಹತ್ತಿ ಹೋಗುವ ಹೆಣ್ಣುಮಕ್ಕಳು ಏಳರ ಸಭೆಯಲ್ಲಿ ಇರುವುದಿಲ್ಲ. ಕೂಲಿಗೆ ಹೋದವರು ಇರುವುದಿಲ್ಲ. ದಲಿತರ ಕೇರಿಯವರು ಇವತ್ತಿಗೂ ಒಳಗೆ ಬೆಂಚಿನ ಮೇಲೆ ಕೂರಲು ಹಿಂಜರಿದು ಹೊರಗೆ ನಿಂತು ಕುಡಿದು ಹೋಗುವ ಊರುಗಳಿವೆ. ಬೀದಿ ಎಲ್ಲರದೂ ಹೌದು, ಆದರೆ ಬೀದಿಯಲ್ಲಿ ನಿಂತು ಒಬ್ಬರನ್ನು ತಡೆದು ಮಾತಾಡಿಸುವ ಧೈರ್ಯ ಎಲ್ಲರಿಗೂ ಸಮನಾಗಿ ಬಂದಿಲ್ಲ. ಜಾತಿ, ಜಮೀನು, ಗಂಡು ಎಂಬ ಮೂರು ಬಲ ಇದ್ದವರಿಗೆ ಅದು ತಾನಾಗಿ ಬರುತ್ತದೆ.

ಅದೇ ಕಾರಣಕ್ಕೆ ಸದಸ್ಯೆಯರು ಮುಖ್ಯ. 1987ರಲ್ಲೇ ಮಹಿಳೆಯರಿಗೆ ಶೇ 25 ಮೀಸಲಿಟ್ಟ ರಾಜ್ಯ ನಮ್ಮದು. 73ನೇ ತಿದ್ದುಪಡಿ ಅದನ್ನು ಮೂರನೇ ಒಂದಕ್ಕೆ ಏರಿಸಿತು. 2010ರಲ್ಲಿ ಕರ್ನಾಟಕ ಶೇ 50 ಮಾಡಿತು. ಗೆದ್ದ ಹೆಣ್ಣುಮಗಳ ಬದಲು ಅವರ ಗಂಡ ಟೀ ಅಂಗಡಿಯಲ್ಲಿ ಮೆಂಬರಾಗಿ ಕೂರುವುದು ಎಲ್ಲರೂ ಕಂಡ ಸಂಗತಿ. ಪಂಚಾಯಿತಿ ಕಚೇರಿಯಲ್ಲೂ ಅವರೇ ಕುರ್ಚಿ ಎಳೆದುಕೊಂಡು ಕೂರುತ್ತಾರೆ, ಯಾರೂ ಏಳಿ ಎನ್ನುವುದಿಲ್ಲ. ಇದು ನಾಚಿಕೆಗೇಡು. ಆದರೆ ಇದನ್ನಷ್ಟೇ ಹೇಳಿ ಕೈ ತೊಳೆದುಕೊಳ್ಳುವವರು ಇನ್ನೊಂದು ಕಡೆ ನೋಡುವುದಿಲ್ಲ. ಒಂದು ಊರಿನಲ್ಲಿ ನಾನು ಕಂಡದ್ದು ಇದು. ಸಂಜೆ ಸಾರ್ವಜನಿಕ ನಲ್ಲಿಯ ಹತ್ತಿರ ಸದಸ್ಯೆ ತಮ್ಮ ಬಿಂದಿಗೆ ಇಟ್ಟುಕೊಂಡು ಸರದಿಗೆ ನಿಂತಿದ್ದರು. ಪಕ್ಕದಲ್ಲಿದ್ದವಳು ಮಾತು ತೆಗೆದಳು: “ಅಕ್ಕಾ, ನೀರ್ಗಂಟಿಗೆ ಹೇಳಿ ನೀರು ಬಿಡೋ ಹೊತ್ತು ಬದಲಾಯ್ಸಿ. ನಾವು ವ್ಯಾನ್ ಹತ್ತಿದ್ಮೇಲೆ ಬಿಡ್ತಾನೆ, ವಾಪಸ್ ಬರೋ ಹೊತ್ಗೆ ನಿಂತಿರುತ್ತೆ.” ಸದಸ್ಯೆ ಎಷ್ಟು ಮನೆಯವರು ಹೀಗೆ ಕೆಲಸಕ್ಕೆ ಹೋಗುತ್ತಾರೆ ಎಂದು ಅಲ್ಲೇ ನಿಂತು ಲೆಕ್ಕ ಹಾಕಿದರು. ಹೆಸರು ಒಂದೊಂದಾಗಿ ಬಂದಂತೆ ಬೆರಳು ಮಡಿಸುತ್ತಾ ಹೋದರು, ಎರಡೂ ಕೈ ಸಾಲದಾಯಿತು. ಆ ಊರಿನ ಟೀ ಅಂಗಡಿಯಲ್ಲಿ ಪೈಪು, ಮೋಟರು, ಟ್ಯಾಂಕಿನ ಮಾತು ಎಷ್ಟೋ ಸಲ ಆಗಿತ್ತು. ನೀರು ಬಿಡುವ ಹೊತ್ತಿನ ಮಾತು ಯಾರೂ ಎತ್ತಿರಲಿಲ್ಲ. ಬೆಳಿಗ್ಗೆ ಆರಕ್ಕೆ ಮನೆ ಬಿಡುವ ಕಷ್ಟ ಅಲ್ಲಿ ಕೂತವರದಲ್ಲ.

ಈ ಮಾತಿಗೂ ಅಂಗಡಿಯ ಮಾತಿಗೂ ಒಂದು ವ್ಯತ್ಯಾಸ ಇದೆ. ನಲ್ಲಿಯ ಹತ್ತಿರ ಕೇಳಿದ್ದು ಒಂದು ಮನೆಯ ಕೆಲಸವಲ್ಲ. ಎಲ್ಲರ ಎದುರು ಕೇಳಿದ್ದು, ಎಲ್ಲರಿಗೂ ಸಲ್ಲುವುದು, ಸದಸ್ಯೆಯ ಕೈಯಲ್ಲೇ ಇರುವುದು. ಇಂಥ ಕೇಳಿಕೆ ದಾರಿಯಲ್ಲೇ ಬಂದರೂ ಅದು ಸಭೆಯ ಮಾತೇ.

ಸದಸ್ಯರಿಂದ ನಾವು ಏನೇನು ಕಿತ್ತುಕೊಳ್ಳುತ್ತೇವೆ ಎಂಬುದನ್ನೂ ಹೇಳದೆ ಇದ್ದರೆ ನ್ಯಾಯವಾಗದು. ಗ್ರಾಮ ಪಂಚಾಯಿತಿ ಸದಸ್ಯರಿಗೆ ಸರ್ಕಾರ ಕೊಡುವ ಗೌರವಧನ ತಿಂಗಳಿಗೆ 2,000 ರೂಪಾಯಿ. ಮದುವೆ ಕಾಲದಲ್ಲಿ ಒಂದೇ ವಾರದ ಮುಯ್ಯಿಗೆ ಅದು ಸಾಲದು. ಗಣಪತಿ ಕೂರಿಸುವ ಹುಡುಗರು ರಸೀದಿ ಪುಸ್ತಕದಲ್ಲಿ ಮೆಂಬರ ಹೆಸರನ್ನು ಮೊದಲೇ ಬರೆದುಕೊಂಡು ಬರುತ್ತಾರೆ. ಕ್ರಿಕೆಟ್ ಟೂರ್ನಮೆಂಟಿನ ಕಪ್ಪು, ದೇವರ ಉತ್ಸವದ ಅನ್ನದಾನ, ನಡುರಾತ್ರಿ ಹೆರಿಗೆಗೆ ಹೋಗುವ ಕಾರು, ಸತ್ತವರ ಮನೆಯ ಮಣ್ಣಿನ ಖರ್ಚು, ಎಲ್ಲಕ್ಕೂ ಮೊದಲು ನೆನಪಾಗುವುದು ಅವರೇ. ಕೊಟ್ಟರೆ ‘ಒಳ್ಳೆ ಮನುಷ್ಯ’, ಕೊಡದಿದ್ದರೆ ‘ಗೆದ್ದಮೇಲೆ ಕಣ್ಣು ನೆತ್ತಿಗೆ ಹೋಯಿತು’. ಸದಸ್ಯರು ಒಂದು ತಿಥಿಗೆ ಬರಲಿಲ್ಲವೆಂದು ಐದು ವರ್ಷ ಆಡಿಕೊಳ್ಳುವ ನಾವು, ಗ್ರಾಮಸಭೆಗೆ ಬರಲಿಲ್ಲವೆಂದು ಒಂದು ದಿನವೂ ಆಡಿಕೊಂಡವರಲ್ಲ.

ಎರಡು ಸಾವಿರದಲ್ಲಿ ಇಷ್ಟನ್ನೂ ತೂಗಿಸುವುದು ಹೇಗೆ? ಜಮೀನು, ವ್ಯಾಪಾರ ಇದ್ದವರು ಮನೆಯ ಹಣ ಹಾಕುತ್ತಾರೆ. ಇಲ್ಲದವರಿಗೆ ಉಳಿಯುವ ದಾರಿ ಒಂದೇ: ಊರಿನ ಕಾಮಗಾರಿಯನ್ನು ಬೇರೆಯವರ ಹೆಸರಿನಲ್ಲಿ ತಾವೇ ಹಿಡಿಯುವುದು, ಇಲ್ಲವೇ ಹಿಡಿದವರಿಂದ ಪಾಲು ತೆಗೆದುಕೊಳ್ಳುವುದು. ಕಾಂಕ್ರೀಟ್ ರಸ್ತೆ ಮೂರೇ ಮಳೆಗಾಲಕ್ಕೆ ಜಲ್ಲಿ ಎದ್ದು ಹೋಗುವುದಕ್ಕೆ ಸಿಮೆಂಟು ಕಡಿಮೆ ಬಿದ್ದದ್ದು ಕಾರಣವೆಂದು ನಮಗೆ ಗೊತ್ತು. ಉಳಿದ ಸಿಮೆಂಟಿನ ಹಣದಲ್ಲಿ ಒಂದಿಷ್ಟು ನಮ್ಮದೇ ಮನೆಯ ಮದುವೆಯ ಲಕೋಟೆಯಾಗಿ ಬಂದಿತ್ತು ಎಂಬುದನ್ನು ನಾವು ಆಲೋಚಿಸುವುದಿಲ್ಲ. 2020ರ ಡಿಸೆಂಬರ್‌ನಲ್ಲಿ ಪಂಚಾಯಿತಿ ಚುನಾವಣೆ ನಡೆದಾಗ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ ಸುದ್ದಿಗಳು ಬಂದವು. ಹೆಚ್ಚು ಕೂಗಿದವರು ಅವಿರೋಧವಾಗಿ ಆಯ್ಕೆಯಾಗುವುದು, ಆ ಹಣ ದೇವಸ್ಥಾನಕ್ಕೆ ಹೋಗುವುದು. ದೇವರ ಹೆಸರು ಸೇರಿತೆಂದು ತಪ್ಪು ಸರಿಯಾಗುವುದಿಲ್ಲ. ಲಕ್ಷಗಟ್ಟಲೆ ಕೊಟ್ಟು ಕುರ್ಚಿ ಕೊಂಡವರನ್ನು ಆಮೇಲೆ ಯಾವ ಬಾಯಲ್ಲಿ ಲೆಕ್ಕ ಕೇಳುವುದು? ಸಾಲದ್ದಕ್ಕೆ, ಕೈಯಲ್ಲಿ ಹಣವಿಲ್ಲದ ಒಳ್ಳೆಯ ಹೆಣ್ಣುಮಗಳೋ ಪದವಿ ಓದಿದ ದಲಿತ ಹುಡುಗನೋ ನಾಮಪತ್ರ ಹಾಕುವ ಮಾತೇ ಇಲ್ಲ.

ಇಷ್ಟಕ್ಕೂ ಪರಿಹಾರವೆಂದು ನಾನು ಹೇಳುತ್ತಿರುವುದು ಹೊಸ ಕಾನೂನನ್ನಲ್ಲ. ಇರುವುದು ಸಾಕಷ್ಟಿದೆ. 1993ರ ಪಂಚಾಯತ್ ರಾಜ್ ಕಾಯ್ದೆ, ಕೆ.ಆರ್. ರಮೇಶ್ ಕುಮಾರ್ ಸಮಿತಿಯ ಶಿಫಾರಸಿನ ಮೇಲೆ ತಿದ್ದುಪಡಿಯಾಗಿ ಇಂದು ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ. ಅದರಲ್ಲಿ ಜನವಸತಿ ಸಭೆ, ವಾರ್ಡ್ ಸಭೆ, ಗ್ರಾಮಸಭೆ ಎಂದು ಮೂರು ಮೆಟ್ಟಿಲುಗಳಿವೆ. ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಬೀದಿದೀಪ ಎಲ್ಲಿರಬೇಕು, ಸಾರ್ವಜನಿಕ ನಲ್ಲಿ ಎಲ್ಲಿ ಹಾಕಬೇಕು ಎಂದು ಸಲಹೆ ಕೊಡುವುದು ಈ ಸಭೆಯ ಕೆಲಸವೆಂದು ಕಾನೂನೇ ಹೇಳುತ್ತದೆ. ಟೀ ಅಂಗಡಿಯಲ್ಲಿ ಕೇಳಿದ ಮೊದಲ ಅಹವಾಲಿಗೆ ಸರಿಯಾದ ಜಾಗ ಇದೇ. ಫಲಾನುಭವಿಗಳ ಹೆಸರೂ ಇಲ್ಲಿಂದಲೇ ಹೊರಟು ಗ್ರಾಮಸಭೆಗೆ ಹೋಗಬೇಕು. ಆ ತಾತ ಐದು ಸಲ ‘ನೋಡಾಣ’ ಕೇಳಿಸಿಕೊಳ್ಳುವ ಬದಲು, ತನ್ನ ಹೆಸರು ಪಟ್ಟಿಯಲ್ಲಿ ಎಷ್ಟನೆಯದು, ಮುಂದೆ ಇರುವವರು ಯಾರು, ಅವರು ತನಗಿಂತ ಕಷ್ಟದಲ್ಲಿದ್ದಾರೆಯೇ ಎಂದು ಎಲ್ಲರ ಎದುರು ಕೇಳಬಹುದಾದ ಜಾಗ.

ಈಗ ಅಲ್ಲಿ ನಡೆಯುತ್ತಿರುವುದು ಬೇರೆ. ಸಭೆಯ ಹಿಂದಿನ ದಿನ ಆಟೋದಲ್ಲಿ ಮೈಕು ಕೂಗಿದರೆ ಅದೇ ಹೆಚ್ಚು. ಶಾಲೆಯ ಜಗಲಿಯಲ್ಲೋ ದೇವಸ್ಥಾನದ ಎದುರಿಗೋ ಶಾಮಿಯಾನ, ಹತ್ತಿಪ್ಪತ್ತು ಪ್ಲಾಸ್ಟಿಕ್ ಕುರ್ಚಿ. ಪಿಡಿಒ, ಬಿಲ್ ಕಲೆಕ್ಟರು, ಇಬ್ಬರು ಸದಸ್ಯರು, ಅಂಗನವಾಡಿ ಕಾರ್ಯಕರ್ತೆ, ಸಾಲದ ವಿಷಯ ಇರಬಹುದೆಂದು ಬಂದ ಸ್ವಸಹಾಯ ಸಂಘದ ಕೆಲವರು. ಕೋರಂ ಆಗಲಿಲ್ಲವೆಂದರೆ ಹಾಜರಿ ಪುಸ್ತಕವೇ ಮನೆಮನೆಗೆ ನಡೆದುಕೊಂಡು ಬರುತ್ತದೆ. ಬಾಗಿಲಲ್ಲಿ ನಿಂತು ಸಹಿ ಹಾಕುತ್ತೇವೆ. ಆ ಒಂದು ಸಹಿಯಿಂದ, ನಾವು ಕೇಳದ ಮಾತನ್ನು ಕೇಳಿದೆವೆಂದೂ ನೋಡದ ಪಟ್ಟಿಯನ್ನು ಒಪ್ಪಿದೆವೆಂದೂ ದಾಖಲೆ ಆಗುತ್ತದೆ. ಆರು ತಿಂಗಳಾದ ಮೇಲೆ ‘ನಮ್ಮನ್ನು ಯಾರು ಕೇಳಿದರು’ ಎನ್ನಲು ನಮಗೆ ಬಾಯಿ ಇರುವುದಿಲ್ಲ.

‘ಸಭೆಗೆ ಹೋಗಿ ಏನು ಪ್ರಯೋಜನ, ಅಲ್ಲೂ ದೊಡ್ಡವರೇ ಮಾತಾಡುತ್ತಾರೆ’ ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ. ಟೀ ಅಂಗಡಿಯ ಬೆಂಚಿನ ಮೇಲೆ ಕೂತವರೇ ಸಭೆಯ ಮುಂದಿನ ಸಾಲಿನಲ್ಲೂ ಕೂರುತ್ತಾರೆ. ಆದರೆ ಸಭೆಯಲ್ಲಿ ಒಂದು ಪುಸ್ತಕ ಇರುತ್ತದೆ. ಹಿಂದಿನ ಸಾಲಿನ ಹೆಂಗಸು ಎದ್ದು ಹೇಳಿದ್ದನ್ನು ‘ನಡಾವಳಿಯಲ್ಲಿ ಬರೆಯಿರಿ’ ಎಂದು ಒತ್ತಾಯಿಸಬಹುದು, ಮಾಹಿತಿ ಹಕ್ಕು ಕಾಯ್ದೆಯಡಿ ಅದರ ಪ್ರತಿ ತೆಗೆಸಬಹುದು. ಒಂದು ಪಂಚಾಯಿತಿಯ ಯೋಜನೆ, ಖರ್ಚು ಏನೆಂದು ಇ-ಗ್ರಾಮ್ ಸ್ವರಾಜ್ ಜಾಲತಾಣದಲ್ಲಿ ಮೊಬೈಲಿನಲ್ಲೇ ನೋಡಬಹುದು. ಊರಿನಲ್ಲಿ ಪಿಯುಸಿ ಓದುವ ಒಬ್ಬ ಹುಡುಗಿ ಅದನ್ನು ತೆರೆದು ಸಭೆಯಲ್ಲಿ ಓದಿದರೆ ಸಾಕು, ಮಾತಿನ ಧಾಟಿ ಬದಲಾಗುತ್ತದೆ.

ಲೆಕ್ಕ ತಿಳಿದರೆ ಸದಸ್ಯರ ಮೇಲಿನ ಅನ್ಯಾಯದ ಸಿಟ್ಟೂ ಕಡಿಮೆಯಾಗುತ್ತದೆ. 15ನೇ ಹಣಕಾಸು ಆಯೋಗ 2021ರಿಂದ 26ರವರೆಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ಭಾಗ ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲು. ‘ಇಷ್ಟು ಲಕ್ಷ ಬಂತಂತೆ, ನಮ್ಮ ದೇವಸ್ಥಾನದ ರಸ್ತೆ ಯಾಕಾಗಲಿಲ್ಲ’ ಎಂದು ಕೇಳುವವರಿಗೆ ಇದನ್ನು ಸದಸ್ಯರು ಟೀ ಕುಡಿಯುತ್ತಾ ವಿವರಿಸಲಾರರು. ಸಭೆಯಲ್ಲಿ ಕಾಗದ ಹಿಡಿದು ವಿವರಿಸಬಹುದು. ತಿಳಿಸಿ ಹೇಳಿದರೆ ನಮ್ಮ ಜನ ಒಪ್ಪುತ್ತಾರೆ. ತಿಳಿಸದೆ ಮುಂದೂಡಿದಾಗ ಅನುಮಾನ ಪಡುತ್ತಾರೆ.

ಮಕ್ಕಳ ಗ್ರಾಮಸಭೆಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಎದ್ದು ನಿಲ್ಲುವ ಐದನೇ ತರಗತಿಯ ಮಗು ತನ್ನ ಮನೆಗೆ ಏನೂ ಕೇಳುವುದಿಲ್ಲ. ಶಾಲೆಯ ಶೌಚಾಲಯಕ್ಕೆ ನೀರು ಬರುತ್ತಿಲ್ಲ, ಆಟದ ಮೈದಾನದಲ್ಲಿ ತಿಪ್ಪೆ ಹಾಕುತ್ತಾರೆ, ಶಾಲೆಗೆ ಬರುವ ದಾರಿಯ ಹಳ್ಳಕ್ಕೆ ಮೋರಿ ಇಲ್ಲ ಎನ್ನುತ್ತದೆ. ಅಧ್ಯಕ್ಷರನ್ನು ನೋಡಿ ಕಣ್ಣು ತಗ್ಗಿಸುವುದೂ ಇಲ್ಲ. ಊರಿನ ಕೆಲಸವನ್ನು ಊರಿನ ಕೆಲಸವೆಂದೇ ಕೇಳುವುದು ನಮಗೆ ಬಾರದ ವಿದ್ಯೆಯಲ್ಲ. ದೊಡ್ಡವರಾಗುತ್ತಾ ಬಿಟ್ಟುಬಿಡುತ್ತೇವೆ.

ದಾರಿಯಲ್ಲಿ ಸಿಗುವ ಪ್ರತಿನಿಧಿಯ ಬೆಲೆ ತಿಳಿಯಬೇಕಾದರೆ ಅಂಥವರು ಇಲ್ಲದ ಊರನ್ನು ನೋಡಬೇಕು. ಬೆಂಗಳೂರು ಮಹಾನಗರ ಪಾಲಿಕೆಗೆ ಕೊನೆಯ ಸಲ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. 198 ವಾರ್ಡುಗಳ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ವಾರ್ಡುಗಳ ಸಂಖ್ಯೆ ಬದಲಾಯಿತು, ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು, ಹೊಸ ಕಾಯ್ದೆ ಬಂತು, 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯೇ ಐದು ಭಾಗವಾಯಿತು. ಅಷ್ಟು ಹೊತ್ತಿಗೆ ಪೂರಾ ಐದು ವರ್ಷ, ಅಂದರೆ ಒಂದು ಇಡೀ ಅವಧಿ, ಚುನಾಯಿತ ಸದಸ್ಯರಿಲ್ಲದೆ ಕಳೆದುಹೋಗಿತ್ತು. 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ಅಲ್ಲೂ ವರ್ಷಗಟ್ಟಲೆ ಆಡಳಿತಾಧಿಕಾರಿಗಳದೇ ರಾಜ್ಯಭಾರ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎಂದು ಪಂಚಾಯಿತಿಗಳಿಗೆ 243-ಇ, ನಗರಗಳಿಗೆ 243-ಯು ವಿಧಿಯಲ್ಲಿ ಸಂವಿಧಾನ ನೇರವಾಗಿ ಬರೆದಿದೆ. ಎಲ್ಲ ಪಕ್ಷಗಳ ಸರ್ಕಾರಗಳೂ ಇದನ್ನು ಮೀರಿವೆ. ಕೆಳಗೆ ಮತ್ತೊಬ್ಬ ಪ್ರತಿನಿಧಿ ಇರದಿದ್ದರೆ ಶಾಸಕರಿಗೆ ಅನುಕೂಲ. ಅನುದಾನವೂ ಅವರ ಕೈಯಲ್ಲೇ, ಹೆಸರೂ ಅವರದೇ.

ಬೆಂಗಳೂರಿನ ಕಾರ್ಪೊರೇಟರ್‌ಗಳ ಬಗ್ಗೆ ಜನಕ್ಕೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ, ಕಾರಣಗಳೂ ಇದ್ದವು. 2011ರ ಜನಗಣತಿಯ ಲೆಕ್ಕದಲ್ಲಿ ಒಬ್ಬರಿಗೆ ನಲವತ್ತು ಸಾವಿರ ದಾಟಿದ ಜನ, ಹಳ್ಳಿಯ ಸದಸ್ಯರಷ್ಟು ಹತ್ತಿರವೂ ಅಲ್ಲ. ಆದರೂ ಅವರು ವಾರ್ಡಿನಲ್ಲಿ ಇದ್ದರು. ರಾಜಕಾಲುವೆ ಉಕ್ಕಿ ಮನೆಗೆ ನೀರು ನುಗ್ಗಿದ ರಾತ್ರಿ ಅವರ ಮನೆಯ ಗೇಟು ಬಡಿಯಬಹುದಿತ್ತು. ಹೈಕೋರ್ಟಿನ ಒತ್ತಾಯದ ಮೇಲೆ ರಚನೆಯಾದ ವಾರ್ಡ್ ಸಮಿತಿಗಳು ಕೆಲವು ಕಡೆ ಚೆನ್ನಾಗಿಯೇ ನಡೆಯತೊಡಗಿದ್ದವು. ಈಗ ದೂರು ಕೊಡಲು ಆ್ಯಪ್ ಇದೆ, ಸಹಾಯವಾಣಿ ಇದೆ, ಫೋಟೊ ಹಾಕಿದರೆ ಸಂಖ್ಯೆ ಬರುತ್ತದೆ. ಆ್ಯಪ್‌ಗೆ ಗುಂಡಿಯ ದೂರು ಕೊಡಬಹುದು. ‘ಆ ಬಡಾವಣೆಗೆ ಮೂರು ಸಲ ಡಾಂಬರು ಬಿತ್ತು, ನಮ್ಮ ಸ್ಲಮ್ಮಿನ ಚರಂಡಿಗೆ ಯಾಕೆ ಹಣ ಇಲ್ಲ’ ಎಂದು ಅದನ್ನು ಕೇಳಲಾಗದು. ಆಡಳಿತಾಧಿಕಾರಿ ಪ್ರಾಮಾಣಿಕರಿರಬಹುದು, ದಕ್ಷರಿರಬಹುದು. ವರ್ಗಾವಣೆಯಾದ ದಿನ ಅವರಿಗೂ ಆ ವಾರ್ಡಿಗೂ ಸಂಬಂಧ ಮುಗಿಯಿತು. ಮುಂದಿನ ಚುನಾವಣೆಗೆ ಬಂದು ಕೈಮುಗಿದು ನಿಲ್ಲಬೇಕಾದ ಪ್ರಸಂಗ ಅವರಿಗಿಲ್ಲ.

ನೀವು ಹಳ್ಳಿಯಲ್ಲಿದ್ದರೆ, ನಿಮ್ಮ ಪಂಚಾಯಿತಿಗೆ ಚುನಾಯಿತ ಸದಸ್ಯರಿದ್ದರೆ, ನಾಳೆ ಡೇರಿಯಲ್ಲೋ ಟೀ ಅಂಗಡಿಯಲ್ಲೋ ಅವರು ಸಿಕ್ಕೇ ಸಿಗುತ್ತಾರೆ. ನಿಮ್ಮ ತಾಯಿಯ ಪಿಂಚಣಿಯ ಮಾತನ್ನೂ ಖಂಡಿತ ಹೇಳಿ, ಅವಸರದ ಕಷ್ಟಕ್ಕೆ ಸಭೆಯವರೆಗೆ ಕಾಯಬೇಕಿಲ್ಲ; ಅರ್ಜಿ ಕೊಟ್ಟಾಗ ಸ್ವೀಕೃತಿ ತೆಗೆದುಕೊಳ್ಳುವುದನ್ನು ಮಾತ್ರ ಮರೆಯಬೇಡಿ. ಮದುವೆಗೆ ಕರೆದರೆ ಲಕೋಟೆ ಬೇಡವೆಂದು ಮೊದಲೇ ಹೇಳಿಬಿಡಿ. ಸಹಿಗೆಂದು ಹಾಜರಿ ಪುಸ್ತಕ ಮನೆ ಬಾಗಿಲಿಗೆ ಬಂದರೆ ಸಹಿ ಹಾಕಬೇಡಿ, ಸಭೆಗೆ ಬಂದೇ ಹಾಕುತ್ತೇನೆ ಎನ್ನಿ. ಮುಂದಿನ ವಾರ್ಡ್ ಸಭೆ ಯಾವ ದಿನ, ಯಾವ ಹೊತ್ತಿಗೆ ಎಂದು ಕೇಳಿ. ಗಾರ್ಮೆಂಟ್ಸ್‌ಗೆ ಹೋಗುವವರೂ ಕೂಲಿಗೆ ಹೋಗುವವರೂ ಬರುವ ಹೊತ್ತಿಗೆ ಇಡಿ ಎಂದು ಹೇಳಿ. ಆ ದಿನ ಹೋಗಿ, ಮನೆಯ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ.